ತುಂಡಾಗದ ಎಳೆ: ಚೀನಾದ ಹುಟ್ಟುಹಬ್ಬದ ನೂಡಲ್ಸ್ ಮಾಡುವ ಬಗೆ

(ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನೂಡಲ್ಸ್ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಎರಡು ನಿಮಿಷದ ಪೊಟ್ಟಣ, ಇಲ್ಲವೇ ಸಂಜೆ ರಸ್ತೆ ಬದಿಯ ಗಾಡಿಯಲ್ಲಿ ಗೋಬಿ ಮಂಚೂರಿಯ ಜೊತೆ ಸಿಗುವ ತಟ್ಟೆ. ಇವತ್ತಿನ ವಿಷಯ ಅದಲ್ಲ. ಚೀನಾದಲ್ಲಿ ಹುಟ್ಟುಹಬ್ಬಕ್ಕೆ, ಅದರಲ್ಲೂ ಮನೆಯ ಹಿರಿಯರಿಗೆ 60, 70, 80 ತುಂಬಿದಾಗ ಬಡಿಸುವ ನೂಡಲ್ಸ್ ಇದೆ. ಅವರ ಮಾತಿನಲ್ಲಿ ‘ಚಾಂಗ್‌ಶೋ ಮಿಯೆನ್’, ಅಂದರೆ ದೀರ್ಘಾಯುಷ್ಯದ ನೂಡಲ್ಸ್. ಇದರ ಪದಾರ್ಥಗಳಲ್ಲಿ ವಿಶೇಷವೇನೂ ಇಲ್ಲ. ಗೋಧಿಯ ಹಿಟ್ಟು, ನೀರು, ಉಪ್ಪು, ಅಷ್ಟೇ. ವಿಶೇಷವಿರುವುದು ಒಂದು ಶರತ್ತಿನಲ್ಲಿ: ಎಳೆ ಉದ್ದವಾಗಿರಬೇಕು, ಮಾಡುವವರೂ ಬಡಿಸುವವರೂ ಅದನ್ನು ತುಂಡು ಮಾಡಬಾರದು. ತಿನ್ನುವವರು ಕೂಡ ನಡುವೆ ಕಚ್ಚದೆ ಸಾಧ್ಯವಾದಷ್ಟು ಉದ್ದಕ್ಕೆ ಸೆಳೆದುಕೊಂಡು ತಿನ್ನಬೇಕೆಂಬುದು ವಾಡಿಕೆ. ಎಳೆ ಎಷ್ಟು ಉದ್ದವೋ ಆಯುಷ್ಯ ಅಷ್ಟು ಉದ್ದ.

ಹೇಳುವುದಕ್ಕೆ ಸುಲಭ. ಹಸಿ ಹಿಟ್ಟಿನ ಎಳೆ ತನ್ನ ಭಾರಕ್ಕೇ ಹರಿಯುತ್ತದೆ, ಒಣಗಿದರೆ ಮುರಿಯುತ್ತದೆ, ಬೆಂದರೆ ಒಂದಕ್ಕೊಂದು ಅಂಟಿಕೊಂಡು ಬಿಡಿಸುವಾಗ ಕಿತ್ತುಬರುತ್ತದೆ. ಈ ಮೂರು ಅಪಾಯಗಳಿಂದ ಎಳೆಯನ್ನು ಕಾಪಾಡುವುದು ಹೇಗೆಂದು ಚೀನಾದ ಬೇರೆ ಬೇರೆ ಪ್ರಾಂತಗಳು ಬೇರೆ ಬೇರೆ ಉತ್ತರ ಕಂಡುಕೊಂಡಿವೆ. ಇವತ್ತು ನೋಡುವುದು ಆ ಉತ್ತರಗಳನ್ನು. ಒಂದನ್ನು ಮಾತ್ರ ಮನೆಯಲ್ಲಿ ಮಾಡುವಷ್ಟು ವಿವರವಾಗಿ ಹೇಳುತ್ತೇವೆ.

ಮೊದಲು ಸ್ವಲ್ಪ ಇತಿಹಾಸ. ಟಾಂಗ್ ವಂಶದ ಕಾಲಕ್ಕಾಗಲೇ ಹುಟ್ಟುಹಬ್ಬಕ್ಕೆ ಹಿಟ್ಟಿನ ತಿನಿಸು ಮಾಡುವ ರೂಢಿ ಇತ್ತು. ಆಗ ಅದಕ್ಕೆ ‘ಟಾಂಗ್‌ಬಿಂಗ್’ ಎನ್ನುತ್ತಿದ್ದರು. ಸಾರಿನಲ್ಲಿ ಬೇಯಿಸಿದ ಹಿಟ್ಟಿನ ತಿನಿಸುಗಳಿಗೆಲ್ಲ ಸಲ್ಲುತ್ತಿದ್ದ ಹೆಸರು ಅದು. 712ರಿಂದ 756ರವರೆಗೆ ಆಳಿದ ಚಕ್ರವರ್ತಿ ಶ್ವಾನ್‌ಜೋಂಗ್‌ನ ರಾಣಿ ವಾಂಗ್‌ಳ ಪ್ರಸಂಗವೊಂದು ಆ ವಂಶದ ಅಧಿಕೃತ ಇತಿಹಾಸದಲ್ಲಿ ದಾಖಲಾಗಿದೆ. ತನ್ನನ್ನು ಪಟ್ಟದಿಂದ ಇಳಿಸುತ್ತಾರೆಂಬ ಭಯ ಹುಟ್ಟಿದಾಗ ಆಕೆ ಅಳುತ್ತಾ ಗಂಡನಿಗೆ ಹಳೆಯದನ್ನು ನೆನಪಿಸುತ್ತಾಳೆ: ನಮ್ಮಪ್ಪ ತನ್ನ ನೇರಳೆ ಬಣ್ಣದ ಅರೆತೋಳಿನ ಅಂಗಿಯನ್ನೇ ಕಳಚಿ ಕೊಟ್ಟು ಹಿಟ್ಟು ತಂದು ನಿಮ್ಮ ಹುಟ್ಟುಹಬ್ಬಕ್ಕೆ ಟಾಂಗ್‌ಬಿಂಗ್ ಮಾಡಿಸಿದ್ದು ನಿಮಗೆ ಮರೆತೇಹೋಯಿತೇ? ಚಕ್ರವರ್ತಿಯ ಮನಸ್ಸು ಆ ಹೊತ್ತಿಗೆ ಕರಗಿತಾದರೂ 724ರಲ್ಲಿ ಆಕೆಯ ಪಟ್ಟ ಹೋಯಿತು. ನಮಗಿಲ್ಲಿ ಮುಖ್ಯವಾದದ್ದು ಅಂಗಿ ಕೊಟ್ಟು ಹಿಟ್ಟು ತಂದ ವಿಚಾರ. ಎಷ್ಟೇ ಬಡತನವಿದ್ದರೂ ಹುಟ್ಟುಹಬ್ಬಕ್ಕೆ ಅದು ಬೇಕೇ ಬೇಕಿತ್ತು. ಮುಂದೆ ಸಾಂಗ್ ವಂಶದ ಕಾಲದ (960–1279) ಬರಹಗಾರರು, ಟಾಂಗ್‌ಬಿಂಗ್ ಅಂದರೆ ಜನ ಈಗ ಆಯುಷ್ಯದ ನೂಡಲ್ಸ್ ಎನ್ನುವುದೇ ಅದು ಎಂದು ವಿವರಣೆ ಕೊಡುತ್ತಾರೆ. ಮಗು ಹುಟ್ಟಿದ ಮೂರನೆಯ ದಿನಕ್ಕೂ ಇದರ ಊಟ ಹಾಕಿಸುವ ಪದ್ಧತಿ ಇತ್ತು.

ಈಗ ಹಿಟ್ಟಿಗೆ ಬರೋಣ.

ಗೋಧಿ ಹಿಟ್ಟನ್ನು ನೀರು ಹಾಕಿ ನಾದಿದಾಗ ಗ್ಲುಟೆನ್ ಎಂಬ ಬಲೆ ಹೆಣೆದುಕೊಳ್ಳುತ್ತದೆ. ಅದರಲ್ಲಿ ಎರಡು ಬಗೆಯ ಪ್ರೋಟೀನ್‌ಗಳಿವೆ. ಗ್ಲುಟೆನಿನ್ ಎಳೆದಷ್ಟೂ ಹಿಂದಕ್ಕೆ ಜಗ್ಗುತ್ತದೆ. ಗ್ಲಿಯಾಡಿನ್ ಎಳೆದ ಕಡೆಗೆ ಜಾರಿ ಸಾಗುತ್ತದೆ. ನಾದಿದ ತಕ್ಷಣ ಮೊದಲನೆಯದರ ಬಿಗಿಯೇ ಮೇಲುಗೈ, ಹಾಗಾಗಿ ಹಿಟ್ಟು ರಬ್ಬರಿನಂತೆ ಕುಗ್ಗುತ್ತದೆ. ಹಾಗೇ ಬಿಟ್ಟರೆ ಬಿಗಿ ತಾನಾಗಿ ಸಡಿಲಗೊಂಡು ಹಿಟ್ಟು ಎಳೆದಷ್ಟು ಬರುತ್ತದೆ. ಹೋಳಿಗೆಯ ಕನಕವನ್ನು ಎಣ್ಣೆಯಲ್ಲಿ ಗಂಟೆಗಟ್ಟಲೆ ನೆನೆಯಿಡುತ್ತೀರಲ್ಲ, ಅಲ್ಲಿ ನಡೆಯುವುದೂ ಇದೇ. ಆದ್ದರಿಂದ ಕನಕದ ಹದ ಬಲ್ಲ ಕೈಗೆ ಈ ನೂಡಲ್ಸ್ ತೀರ ಹೊಸದಲ್ಲ. ವ್ಯತ್ಯಾಸ ನೀರಿನ ಪ್ರಮಾಣದಲ್ಲಿದೆ. ಕನಕ ಕೈಯಿಂದ ಜಾರುವಷ್ಟು ಸಡಿಲ, ನೂಡಲ್ಸ್ ಹಿಟ್ಟು ಚಪಾತಿ ಹಿಟ್ಟಿಗಿಂತ ತುಸು ಬಿಗಿ.

ಅಡುಗೆ ಪ್ರದರ್ಶನಗಳಲ್ಲಿ ಹಿಟ್ಟನ್ನು ಗಾಳಿಯಲ್ಲಿ ಬೀಸಿ, ಮಡಚಿ, ಮತ್ತೆ ಎಳೆಯುವುದನ್ನು ನೀವು ನೋಡಿರಬಹುದು. ಅದು ಲಾಮಿಯೆನ್. ಗಾನ್ಸು ಪ್ರಾಂತದ ಲಾನ್‌ಜೋ ನಗರ ಇದಕ್ಕೆ ಹೆಸರುವಾಸಿ. ಅದರ ಲೆಕ್ಕ ಸೊಗಸಾಗಿದೆ. ಪ್ರತಿ ಮಡಿಕೆಗೂ ಎಳೆಗಳ ಸಂಖ್ಯೆ ಎರಡು ಪಟ್ಟಾಗುತ್ತದೆ. ಎಂಟು ಮಡಿಕೆಗೆ 256 ಎಳೆ, ಹದಿಮೂರಕ್ಕೆ 8192. ಪ್ರತಿ ಸಲವೂ ಅದೇ ಉದ್ದಕ್ಕೆ ಎಳೆದರೆ 2 ಸೆಂಟಿಮೀಟರ್ ದಪ್ಪದ ಹುರಿ ಎಂಟನೇ ಮಡಿಕೆಗೆ 1.25 ಮಿಲಿಮೀಟರ್ ಆಗುತ್ತದೆ, ಹದಿಮೂರನೆಯದಕ್ಕೆ ಕಾಲು ಮಿಲಿಮೀಟರಿಗಿಂತಲೂ ಸಣ್ಣ. ಅಷ್ಟು ಸಣ್ಣದಾದದ್ದು ಡ್ರ್ಯಾಗನ್ ಗಡ್ಡದ ನೂಡಲ್ಸ್. ಅದನ್ನು ಸಾಮಾನ್ಯವಾಗಿ ಎಣ್ಣೆಯಲ್ಲಿ ಕರಿಯುತ್ತಾರೆ. ಇದಕ್ಕೆ ಹಿಟ್ಟಿಗೆ ಕ್ಷಾರ ಸೇರಿಸಬೇಕು. ಹಿಂದೆ ಅಲ್ಲಿನ ಒಣನಾಡಿನ ಗಿಡವೊಂದನ್ನು ಸುಟ್ಟು ಬಂದ ಬೂದಿ ಹಾಕುತ್ತಿದ್ದರು, ಈಗ ಶುದ್ಧೀಕರಿಸಿದ ಕಾರ್ಬೊನೇಟ್ ಪುಡಿ ಸಿಗುತ್ತದೆ. ಕಸರತ್ತು ನೋಡಲು ಚೆನ್ನ. ಆದರೆ ನಮ್ಮ ಶರತ್ತಿಗೆ ಇದು ಪೂರ್ತಿ ಒಗ್ಗುವುದಿಲ್ಲ. ಕೊನೆಯಲ್ಲಿ ಕೈಯಲ್ಲಿ ಹಿಡಿದ ಎರಡು ತುದಿಗಳನ್ನು ಕಿತ್ತು ತೆಗೆದಾಗ ಉಳಿಯುವುದು ನೂರಾರು ಬಿಡಿ ಎಳೆಗಳು. ಬಟ್ಟಲಿಗೆ ಒಂದೇ ಎಳೆ ಬೇಕೆಂದರೆ ದಾರಿ ಬೇರೆ.

ಆ ದಾರಿಯೇ ‘ಯೀ ಗೆನ್ ಮಿಯೆನ್’, ಒಂದೇ ಎಳೆಯ ನೂಡಲ್ಸ್. ಇದಕ್ಕೆ ಕೈಚಳಕಕ್ಕಿಂತ ತಾಳ್ಮೆ ಹೆಚ್ಚು ಬೇಕು. ಮನೆಯಲ್ಲಿ ಮಾಡಲು ತಕ್ಕದ್ದು ಇದೇ ಎಂಬುದು ನಮ್ಮ ಅಭಿಪ್ರಾಯ.

ಮೂರು ಬಟ್ಟಲಿಗೆ 300 ಗ್ರಾಂ ಮೈದಾ, 4 ಗ್ರಾಂ ಉಪ್ಪು, 155ರಿಂದ 160 ಮಿಲಿಲೀಟರ್ ನೀರು, ಸವರಲು ಮೂರು ನಾಲ್ಕು ಚಮಚ ವಾಸನೆಯಿಲ್ಲದ ಎಣ್ಣೆ. ಅಳತೆಗೆ ಲೋಟ ಬೇಡ, ತಕ್ಕಡಿ ಇರಲಿ. 15 ಗ್ರಾಂ ನೀರು ಹೆಚ್ಚಾದರೂ ಎಳೆ ಜೋತುಬೀಳುತ್ತದೆ. ಪೊಟ್ಟಣದ ಮೇಲೆ ಪ್ರೋಟೀನ್ ಪ್ರಮಾಣ ನೋಡಿ 100 ಗ್ರಾಮಿಗೆ 10.5ಕ್ಕಿಂತ ಮೇಲಿರುವ ಮೈದಾ ಆರಿಸಿ. ಕೇಕಿಗೆಂದು ಮಾರುವ ನಯವಾದ ಹಿಟ್ಟು ಇದಕ್ಕೆ ಬೇಡವೇ ಬೇಡ.

ಉಪ್ಪನ್ನು ನೀರಿನಲ್ಲಿ ಕರಗಿಸಿ, ಮೂರು ಸಲಕ್ಕೆ ಹಿಟ್ಟಿಗೆ ಹಾಕುತ್ತಾ ಬೆರಳಿನಿಂದ ಉದುರುದುರಾಗಿ ಕಲಸಿ. ಆಮೇಲೆ ಒಟ್ಟುಗೂಡಿಸಿ ಐದು ನಿಮಿಷ ನಾದಿ. ಈ ಹಂತದಲ್ಲಿ ಉಂಡೆ ಒರಟಾಗಿ, ತರಿತರಿಯಾಗಿ ಕಾಣುತ್ತದೆ. ಹೆದರಿ ನೀರು ಹಾಕಬೇಡಿ. ಮುಚ್ಚಿ 20 ನಿಮಿಷ ಬಿಟ್ಟು ಮತ್ತೆ ಮೂರು ನಿಮಿಷ ನಾದಿದರೆ ತಾನಾಗಿ ನುಣುಪಾಗುತ್ತದೆ. ಎಲ್ಲಿಯೂ ಒಣಹಿಟ್ಟಿನ ಗಂಟು ಉಳಿಯಬಾರದು, ಏಕೆಂದರೆ ಮುಂದೆ ಎಳೆ ಹರಿಯುವುದು ಆ ಗಂಟಿನಲ್ಲೇ.

ಈಗ ಉಂಡೆಯನ್ನು ಮೂರು ಭಾಗ ಮಾಡಿ. ಬಟ್ಟಲಿಗೊಂದು ಭಾಗ. ಇಡೀ ಹಿಟ್ಟನ್ನು ಒಂದೇ ಎಳೆ ಮಾಡಬೇಕೆಂಬ ಆಸೆ ಎಲ್ಲರಿಗೂ ಬರುತ್ತದೆ. ಲೆಕ್ಕ ಹಾಕಿ ನೋಡಿ. 300 ಗ್ರಾಂ ಮೈದಾದ ಹಿಟ್ಟು 4 ಮಿಲಿಮೀಟರ್ ದಪ್ಪದ ಎಳೆಯಾದರೆ ಸುಮಾರು 30 ಮೀಟರ್, 3 ಮಿಲಿಮೀಟರ್ ಆದರೆ 50 ಮೀಟರಿಗೂ ಹೆಚ್ಚು. ಅಷ್ಟನ್ನು ಪಾತ್ರೆಗೆ ಬಿಡುವಷ್ಟರಲ್ಲಿ ಮೊದಲ ತುದಿ ಮುದ್ದೆಯಾಗಿರುತ್ತದೆ, ಕೊನೆಯ ತುದಿ ಹಸಿಯಾಗಿರುತ್ತದೆ. ಬಟ್ಟಲಿಗೆ 100 ಗ್ರಾಂ ಮೈದಾದ ಲೆಕ್ಕದಲ್ಲಿ 10 ಮೀಟರ್ ಎಳೆ ಸಿಗುತ್ತದೆ. ಯಾವ ಅಜ್ಜಿಯ ಆಯುಷ್ಯಕ್ಕೂ ಅದು ಸಾಕು.

ಪ್ರತಿ ಭಾಗವನ್ನೂ ಎಣ್ಣೆ ಕೈಯಲ್ಲಿ 2 ಸೆಂಟಿಮೀಟರ್ ದಪ್ಪದ ಬಿಲ್ಲೆಯಾಗಿ ತಟ್ಟಿ, ಮುಚ್ಚಿ ಅರ್ಧ ಗಂಟೆ ಬಿಡಿ. ಬಳಿಕ ಚಾಕುವನ್ನು ಅಂಚಿನಲ್ಲಿಟ್ಟು 2 ಸೆಂಟಿಮೀಟರ್ ಅಗಲ ಬಿಡುತ್ತಾ ಸುರುಳಿಯಾಗಿ ಒಳಗಿನವರೆಗೆ ಕೊಯ್ಯಿರಿ. ಬಿಡಿಸಿದರೆ ಒಂದೇ ದಪ್ಪ ಪಟ್ಟಿ ಬರುತ್ತದೆ. (ಚಾಕು ನಿಷೇಧವಲ್ಲವೇ ಎಂದು ಕೇಳಬೇಡಿ, ಎಳೆಯನ್ನು ಕೊಯ್ಯಬಾರದು, ಹಿಟ್ಟನ್ನಲ್ಲ.) ಈ ಪಟ್ಟಿಯನ್ನು ಎಣ್ಣೆ ಸವರಿದ ಮಣೆಯ ಮೇಲೆ ಅಂಗೈಯಲ್ಲಿ ಹೊರಳಿಸಿ ಹೆಬ್ಬೆರಳ ಗಾತ್ರದ ಹುರಿ ಮಾಡಿ. ಚೌಕದ ಅಂಚುಗಳೆಲ್ಲ ಪೂರ್ತಿ ಉರುಟಾಗಬೇಕು. ಸ್ಟೀಲ್ ತಟ್ಟೆಗೆ ಧಾರಾಳವಾಗಿ ಎಣ್ಣೆ ಸವರಿ, ನಡುವಿನಿಂದ ಶುರುಮಾಡಿ ಹೊರಕ್ಕೆ ಸುತ್ತಿ. ಸುತ್ತು ಸುತ್ತಿಗೆ ತಾಗಬಾರದು. ಮೇಲೆ ಎಣ್ಣೆ ಸವರಿ, ಗಾಳಿಯಾಡದಂತೆ ಮುಚ್ಚಿ ಒಂದು ಗಂಟೆ ಬಿಡಿ. ಮತ್ತೆ ಹೊರಗಿನ ತುದಿಯಿಂದ ತೆಗೆದು ಹೊರಳಿಸಿ ಪೆನ್ಸಿಲ್ ದಪ್ಪಕ್ಕೆ ತಂದು, ಅದೇ ರೀತಿ ಸುತ್ತಿ 30ರಿಂದ 40 ನಿಮಿಷ ಬಿಡಿ. ಬೆಂಗಳೂರಿನ ಹವೆಗೆ ಈ ಹೊತ್ತು ಸರಿ. ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಾದರೆ ಅರ್ಧಕ್ಕೆ ಇಳಿಸಿ. ಶಾಖಕ್ಕೆ ಹಿಟ್ಟು ಬೇಗ ಸಡಿಲಾಗುತ್ತದೆ, ಮಿತಿ ಮೀರಿದರೆ ಬಿಗಿಯೆಲ್ಲ ಹೋಗಿ ಬೆರಳಿಗೆ ಅಂಟತೊಡಗುತ್ತದೆ.

ಹದ ಬಂದಿದೆಯೇ ಎಂದು ತಿಳಿಯಲು ಹೊರತುದಿಯ ಒಂದು ಗೇಣನ್ನು ಮೆಲ್ಲಗೆ ಎಳೆದು ಕೈಬಿಡಿ. ಎಳೆದಲ್ಲೇ ನಿಂತರೆ ಹದ. ಕಾಲುಭಾಗಕ್ಕಿಂತ ಹೆಚ್ಚು ಕುಗ್ಗಿದರೆ ಇನ್ನೂ 15 ನಿಮಿಷ ಬೇಕು. ಆತುರಪಟ್ಟು ಎಳೆದರೆ ದಪ್ಪವಿದ್ದ ಕಡೆ ದಪ್ಪವಾಗಿಯೇ ಉಳಿದು, ತೆಳುವಿದ್ದ ಕಡೆ ಇನ್ನೂ ತೆಳುವಾಗಿ ಹರಿಯುತ್ತದೆ.

ದೊಡ್ಡ ಪಾತ್ರೆಯಲ್ಲಿ ಮೂರು ಲೀಟರ್ ನೀರು ಮಳಮಳ ಕುದಿಯುತ್ತಿರಲಿ. ತಟ್ಟೆಯನ್ನು ಒಲೆಯ ಪಕ್ಕ ಎಡಗಡೆ ಇಟ್ಟುಕೊಳ್ಳಿ. ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ಹುರಿ ಹಾದುಬರಲಿ, ಬಲಗೈ ಅದನ್ನು ಸೆಳೆದು ನೀರಿಗೆ ಬಿಡಲಿ. ದಪ್ಪವನ್ನು ತೀರ್ಮಾನಿಸುವುದು ಎಡಗೈ. ಬಲಗೈ ಬರೀ ಸಾಗಿಸುವುದು. ಒಂದೊಂದು ಸಲಕ್ಕೆ ಒಂದು ಮೊಳದಷ್ಟು. ನಿಲ್ಲಿಸಬೇಡಿ, ನಿಲ್ಲಿಸಿದರೆ ಪಾತ್ರೆಗೂ ಕೈಗೂ ನಡುವೆ ತೂಗುವ ಎಳೆ ಹಬೆಗೆ ಮೆತ್ತಗಾಗಿ ಕಡಿಯುತ್ತದೆ. ಬೇರೊಬ್ಬರು ಉದ್ದ ಚಾಪ್‌ಸ್ಟಿಕ್ಕಿನಲ್ಲಿ ನೀರನ್ನು ನಿಧಾನಕ್ಕೆ ಸುತ್ತು ತಿರುಗಿಸುತ್ತಿದ್ದರೆ ಎಳೆ ಗಂಟಾಗುವುದಿಲ್ಲ. ಕೊನೆಯ ತುದಿ ಬಿದ್ದ ಮೇಲೆ ಎರಡೂವರೆ ಮೂರು ನಿಮಿಷ. ಮೇಲೆ ತೇಲಿದ ಮಾತ್ರಕ್ಕೆ ಬೆಂದಿತೆಂದುಕೊಳ್ಳಬೇಡಿ, ತುದಿಯೊಂದನ್ನು ಒತ್ತಿ ನೋಡಿ. ನಡುವೆ ಬಿಳಿ ಚುಕ್ಕೆ ಕಾಣಬಾರದು.

ಹರಿದರೆ? ಹೆಚ್ಚಾಗಿ ಅದು ಎರಡು ಕಾರಣಕ್ಕೆ: ಒಳಗೆ ಉಳಿದ ಗಾಳಿಗುಳ್ಳೆ, ಅಥವಾ ಮೇಲ್ಮೈ ಒಣಗಿ ಎದ್ದ ಸಿಪ್ಪೆ. ಗುಳ್ಳೆಯನ್ನು ಹೊರಳಿಸುವಾಗಲೇ ಸೂಜಿಯಲ್ಲಿ ಚುಚ್ಚಿ ಒತ್ತಬೇಕು. ಸಿಪ್ಪೆಗೆ ಮದ್ದಿಲ್ಲ, ಬರದಂತೆ ಮುಚ್ಚಿಡುವುದೊಂದೇ ದಾರಿ. ಹರಿದ ತುದಿಗಳನ್ನು ಸುಮ್ಮನೆ ಒತ್ತಿದರೆ ಎಣ್ಣೆಯಿಂದಾಗಿ ಕೂಡುವುದಿಲ್ಲ. ಬಟ್ಟೆಯಲ್ಲಿ ಎಣ್ಣೆ ಒರೆಸಿ, ಎರಡು ತುದಿಗಳನ್ನು ಎರಡು ಬೆರಳ ಅಗಲ ಒಂದರ ಮೇಲೊಂದು ಇಟ್ಟು ಹಿಸುಕಿ, ಹೊರಳಿಸಿ ಬೆಸೆಯಬೇಕು. ಬೆಸೆದದ್ದು ಬಟ್ಟಲಿನಲ್ಲಿ ಯಾರಿಗೂ ಕಾಣುವುದಿಲ್ಲ.

ಸಾರು ಸರಳವಾಗಿರಲಿ. ಒಂದು ಲೀಟರ್ ನೀರಿಗೆ ಆರು ಒಣ ಶಿಟಾಕೆ ಅಣಬೆ, ಜಜ್ಜಿದ ಒಂದು ಇಂಚು ಶುಂಠಿ, ಎರಡು ಈರುಳ್ಳಿ ಹೂವಿನ ಬಿಳಿ ಭಾಗ ಹಾಕಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಕೊನೆಗೆ ಒಂದು ದೊಡ್ಡ ಚಮಚ ಸೋಯಾ ಸಾಸ್, ಕೆಲವು ಹನಿ ಎಳ್ಳೆಣ್ಣೆ. ಕೋಳಿ ಸಾರನ್ನೂ ಬಳಸುತ್ತಾರೆ. ಬಾಕ್ ಚಾಯ್ ಸೊಪ್ಪನ್ನು ಹೆಚ್ಚದೆ ಇಡಿಯಾಗಿ ಕುದಿನೀರಿನಲ್ಲಿ ಅದ್ದಿ ತೆಗೆದು ಇಡಿ. ಮೊಟ್ಟೆ ತಿನ್ನುವವರ ಬಟ್ಟಲಲ್ಲಿ ಮೊಟ್ಟೆ ಇರುತ್ತದೆ. ನೂಡಲ್ಸ್ ಎತ್ತುವಾಗ ತುದಿ ಹಿಡಿಯದೆ ಇಡೀ ಗೊಂಚಲನ್ನು ಜಾಲರಿ ಸೌಟಿನಲ್ಲಿ ಎತ್ತಿ ಬಟ್ಟಲಿಗೆ ಇಳಿಸಿ, ಆಮೇಲೆ ಬದಿಯಿಂದ ಸಾರು ಹೊಯ್ಯಿರಿ.

ಎರಡನೆಯ ಉತ್ತರ ಫುಜಿಯಾನ್ ಪ್ರಾಂತದ ಫೂಜೋ ನಗರದ್ದು. ಅಲ್ಲಿಯದು ಕೂದಲೆಳೆಯಂಥ ಒಣ ನೂಡಲ್ಸ್. ಆಗ್ನೇಯ ಏಷ್ಯಾದಲ್ಲೆಲ್ಲ ಮೀಸುವಾ ಎಂದು ಕರೆಯುತ್ತಾರೆ. ಇಲ್ಲಿ ಎಳೆಯನ್ನು ಕಾಯುವುದು ಉಪ್ಪು. 100 ಗ್ರಾಂ ಹಿಟ್ಟಿಗೆ 5ರಿಂದ 8 ಗ್ರಾಂ, ಅಂದರೆ ನಾವು ಈಗ ಹೇಳಿದ್ದಕ್ಕಿಂತ ನಾಲ್ಕಾರು ಪಟ್ಟು. ಬೇಸಿಗೆಯಲ್ಲಿ ಜಾಸ್ತಿ, ಚಳಿಗಾಲದಲ್ಲಿ ಕಡಿಮೆ. ಉಪ್ಪು ಗ್ಲುಟೆನ್ ಬಲೆಯನ್ನು ಬಿಗಿಗೊಳಿಸುತ್ತದೆ, ಸೆಕೆಗೆ ಹಿಟ್ಟು ಹುಳಿಯದಂತೆ ತಡೆಯುತ್ತದೆ, ತೇವವನ್ನು ಹಿಡಿದಿಟ್ಟು ಎಳೆ ಒಮ್ಮೆಲೇ ಒಣಗಿ ಸೀಳದಂತೆ ನೋಡಿಕೊಳ್ಳುತ್ತದೆ.

ನಸುಕಿನಲ್ಲೇ ಹಿಟ್ಟು ನಾದಿ, ಹುರಿ ಮಾಡಿ, ಅಂಟದಂತೆ ಗೆಣಸಿನ ಹಿಟ್ಟು ಉದುರಿಸಿ ಅಗಲ ತೊಟ್ಟಿಯಲ್ಲಿ ಸುತ್ತಿಡುತ್ತಾರೆ. ವಿಶ್ರಾಂತಿ, ಮತ್ತೆ ತೆಳ್ಳಗೆ ಮಾಡುವುದು, ಮತ್ತೆ ವಿಶ್ರಾಂತಿ. ಚಾಪ್‌ಸ್ಟಿಕ್ ದಪ್ಪಕ್ಕೆ ಬಂದಾಗ ಎರಡು ಬಿದಿರು ಕೋಲುಗಳ ನಡುವೆ ಎಂಟರ ಆಕಾರದಲ್ಲಿ ಸುತ್ತುತ್ತಾರೆ. ಎಂಟರ ಆಕಾರ ಏಕೆಂದರೆ ನಡುವೆ ಎಳೆಗಳು ಅಡ್ಡಹಾದು ಹೋಗುವುದರಿಂದ ಪಕ್ಕದವು ಒಂದಕ್ಕೊಂದು ಒರಗುವುದಿಲ್ಲ. ಸುತ್ತಿದ ಕೋಲುಗಳನ್ನು ಮುಚ್ಚಿದ ಮರದ ಪೆಟ್ಟಿಗೆಯಲ್ಲಿ ತೂಗುಹಾಕಿದರೆ ತಮ್ಮ ಭಾರಕ್ಕೇ ಅವು ನಿಧಾನವಾಗಿ ಇಳಿಯುತ್ತವೆ. ಬಿಸಿಲೇರಿದಾಗ ಅಂಗಳದ ಮರದ ಚೌಕಟ್ಟಿಗೆ ಸಾಗಿಸಿ, ಮೇಲಿನ ಕೋಲನ್ನು ತೂತಿಗೆ ಸಿಕ್ಕಿಸಿ, ಕೆಳಗಿನದನ್ನು ಹಿಡಿದು ಜಗ್ಗುತ್ತಾರೆ. ಒಂದೇ ಸಲಕ್ಕಲ್ಲ, ಸ್ವಲ್ಪ ಎಳೆದು, ಬಿಟ್ಟು, ಅಲುಗಿಸಿ ಎಳೆ ಬಿಡಿಸಿ, ಮತ್ತೆ ಎಳೆದು. ಆಳೆತ್ತರಕ್ಕೂ ಮೀರಿದ ಬಿಳಿ ಪರದೆಯಾಗುತ್ತದೆ.

ಕುಶಲಕರ್ಮಿಯ ಕಣ್ಣು ಆಕಾಶದ ಮೇಲೇ ಇರುತ್ತದೆ. ಮೋಡದ ತೇವದ ದಿನ ಎಳೆ ಒಣಗದೆ ಜೋತು ಕೆಳಗೆ ಬೀಳುತ್ತದೆ. ಬಿರುಗಾಳಿಯ ದಿನ ಹೊರಮೈ ಮಾತ್ರ ಬೇಗ ಒಣಗಿ ಬಿರುಕು ಬಿಡುತ್ತದೆ. ಪೂರ್ತಿ ಗರಿಯಾಗುವವರೆಗೂ ಕಾಯುವಂತಿಲ್ಲ, ಇನ್ನೂ ಬಾಗುವಂತಿರುವಾಗಲೇ ಇಳಿಸಿ ಕಂತೆ ಮಡಚಬೇಕು. ಹುಟ್ಟುಹಬ್ಬಕ್ಕೆ ಕೊಡುವ ಕಂತೆಗೆ ಕೆಂಪು ದಾರವೋ ಕೆಂಪು ಕಾಗದದ ಪಟ್ಟಿಯೋ ಇರುತ್ತದೆ.

ಬೇಯಿಸುವಾಗ ಎಲ್ಲರೂ ಎಡವುವುದು ಉಪ್ಪಿನಲ್ಲಿ. ಕುದಿಯುವ ನೀರಿಗೆ ಉಪ್ಪು ಹಾಕಲೇಬಾರದು. 100 ಗ್ರಾಮಿಗೆ ಎರಡು ಲೀಟರ್ ನೀರಿಟ್ಟು, ಒಂದು ಒಂದೂವರೆ ನಿಮಿಷ ಬೇಯಿಸಿದರೆ ಉಪ್ಪು ನೀರಿಗೆ ಇಳಿಯುತ್ತದೆ. ಆ ನೀರನ್ನು ಚೆಲ್ಲಿ, ನೂಡಲ್ಸನ್ನು ಬೇರೆ ಸಾರಿಗೆ ಹಾಕಿ. ನೇರವಾಗಿ ಸಾರಿನಲ್ಲೇ ಬೇಯಿಸಿದರೆ ಸಾರು ಉಪ್ಪುಪ್ಪಾಗಿ, ಗಂಜಿಯೂ ಆಗುತ್ತದೆ. ಸಾರಿಗೆ ಬಿದ್ದ ಮೇಲೂ ಇದು ಹೀರುತ್ತಲೇ ಇರುತ್ತದೆ, ಆದ್ದರಿಂದ ನೆಂಟರು ಕುಳಿತ ಮೇಲೇ ಬಟ್ಟಲು ತುಂಬಿಸಬೇಕು. ಫೂಜೋದಲ್ಲಿ ಇದನ್ನು ಕೆಂಪು ಅಕ್ಕಿ ಮದ್ಯ ಹಾಕಿದ ಕೋಳಿ ಸಾರಿನಲ್ಲಿ, ಬೇಯಿಸಿದ ಎರಡು ಬಾತುಕೋಳಿ ಮೊಟ್ಟೆಯ ಜೊತೆ ಕೊಡುತ್ತಾರೆ. 1901ರಲ್ಲಿ ವಾಂಗ್ ನಾಯ್ ಸಿಯಾಂಗ್ ಎಂಬಾತನ ಮುಂದಾಳತ್ವದಲ್ಲಿ ಬೋರ್ನಿಯೊದ ಸರವಾಕ್‌ಗೆ ವಲಸೆ ಹೋದ ಫೂಜೋ ಕಡೆಯ ಜನ ಸಿಬು ಪಟ್ಟಣದಲ್ಲಿ ನೆಲೆಸಿದರು. ಈ ಬಟ್ಟಲು ಅಲ್ಲಿ ಇವತ್ತಿಗೂ ಊರಿನ ಹೆಗ್ಗುರುತಾಗಿದೆ. ತೈವಾನಿನಲ್ಲಿ ಇದೇ ಎಳೆಯನ್ನು ಹಂದಿ ಕಾಲಿನೊಂದಿಗೆ ಬೇಯಿಸಿ, ಹುಟ್ಟುಹಬ್ಬಕ್ಕಷ್ಟೇ ಅಲ್ಲ, ಗಂಡಾಂತರದಿಂದ ಪಾರಾದವರಿಗೂ ತಿನ್ನಿಸುತ್ತಾರೆ.

ಮೂರನೆಯದು ಕ್ಯಾಂಟನ್ ಮತ್ತು ಹಾಂಗ್‌ಕಾಂಗ್ ಔತಣಗಳ ‘ಯೀ ಮೀನ್’. ಮೊಟ್ಟೆ ಹಾಕಿ ಕಲಸಿದ ಹಿಟ್ಟನ್ನು ಕೊಯ್ದು, ಕುದಿನೀರಿನಲ್ಲಿ ಬೇಯಿಸಿ, ನೀರು ಆರಿಸಿ, ಬಿಸಿ ಎಣ್ಣೆಯಲ್ಲಿ ಕರಿದು ದುಂಡನೆಯ ಬಿಲ್ಲೆಗಳಾಗಿ ಒಣಗಿಸುತ್ತಾರೆ. ಕರಿಯುವಾಗ ಒಳಗಿನ ನೀರು ಹಬೆಯಾಗಿ ಹೊರಟು ಸಣ್ಣ ರಂಧ್ರಗಳು ಉಳಿಯುತ್ತವೆ. ಮುಂದೆ ಸಾರಿನ ರುಚಿ ಕುಡಿಯುವುದು ಆ ರಂಧ್ರಗಳೇ. ಸರಿಯಾಗಿ ಆರದೆ ಕರಿದರೆ ಎಣ್ಣೆ ಉಕ್ಕುತ್ತದೆ, ಬಿಲ್ಲೆ ಗಟ್ಟಿ ಮುದ್ದೆಯಾಗುತ್ತದೆ. ಚಿಂಗ್ ಕಾಲದ ಅಧಿಕಾರಿ, ಲಿಪಿಕಾರ ಯೀ ಬಿಂಗ್‌ಶೋ (1754–1815) ಮನೆಯ ಅಡುಗೆಯವರು ಇದನ್ನು ಕಂಡುಹಿಡಿದರೆಂದು ದಂತಕಥೆ. ಬೇಯಿಸಿ ಕರಿದಿಡುವ ಈ ಉಪಾಯವನ್ನು 1958ರಲ್ಲಿ ಜಪಾನಿನಲ್ಲಿ ಮೊಮೊಫುಕು ಆಂಡೊ ಮಾರುಕಟ್ಟೆಗೆ ತಂದ ಇನ್‌ಸ್ಟಂಟ್ ನೂಡಲ್ಸಿಗೂ ಹೋಲಿಸುವುದುಂಟು.

ಇದನ್ನು ಕೊಂಡೇ ತರುತ್ತಾರೆ, ಮನೆಯಲ್ಲಿ ಮಾಡುವ ಗೋಜಿಗೆ ಹೋಗಬೇಡಿ. 200 ಗ್ರಾಂ ಬಿಲ್ಲೆಯನ್ನು ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿದರೆ ಹಳೆಯ ಎಣ್ಣೆ ಹೋಗುತ್ತದೆ. ಚೆನ್ನಾಗಿ ಬಸಿಯಿರಿ. ಬಾಣಲೆಯಲ್ಲಿ ಅಣಬೆ ಬಾಡಿಸಿ, 150 ಮಿಲಿಲೀಟರ್ ಸಾರು, ಸೋಯಾ ಸಾಸ್, ಆಯಿಸ್ಟರ್ ಸಾಸ್ ಹಾಕಿ, ನೂಡಲ್ಸ್ ಸೇರಿಸಿ ದ್ರವವೆಲ್ಲ ಹೀರುವವರೆಗೆ ಮೆಲ್ಲಗೆ ಎತ್ತಿ ಹಾಕುತ್ತಿರಿ. ಸೌಟಿನಿಂದ ಕೆದಕಿದರೆ ಪುಡಿಯಾಗುತ್ತದೆ. ಕೊನೆಗೆ ಹಳದಿ ಚೈವ್ಸ್. ಮದುವೆ, ಹುಟ್ಟುಹಬ್ಬದ ಔತಣದಲ್ಲಿ ಇದು ಬರುವುದು ಊಟದ ಕೊನೆಯ ಹೊತ್ತಿಗೆ.

ಸಭಿಕರ ಕೆಲವು ಪ್ರಶ್ನೆಗಳು.

*ವಯಸ್ಸಾದವರಿಗೆ ಕಚ್ಚದೆ ನುಂಗಲು ಹೇಳುವುದು ಅಪಾಯವಲ್ಲವೇ?*

ಹೌದು, ಗಂಟಲಿಗೆ ಸಿಕ್ಕಿಕೊಳ್ಳಬಹುದು. 80 ದಾಟಿದವರಿಗೆ ಮೀಸುವಾ ಒಳ್ಳೆಯದು, ಬೇಗ ಮೆತ್ತಗಾಗುತ್ತದೆ. ಒಂದೇ ಎಳೆಯದನ್ನೇ ಮಾಡುವುದಾದರೆ 3 ಮಿಲಿಮೀಟರಿಗೆ ಇಳಿಸಿ, ಒಂದು ನಿಮಿಷ ಹೆಚ್ಚು ಬೇಯಿಸಿ. ಮೊದಲ ತುತ್ತು ಉದ್ದವಾಗಿ ಸೆಳೆದರೆ ಶಾಸ್ತ್ರ ಮುಗಿಯಿತು, ಉಳಿದದ್ದನ್ನು ಅಗಿದೇ ತಿನ್ನಲಿ.

*ಮೈದಾ ಬೇಡ, ಚಪಾತಿ ಹಿಟ್ಟಿನಲ್ಲಿ ಆಗುವುದಿಲ್ಲವೇ?*

ಪೂರ್ತಿ ಅದರಲ್ಲೇ ಆಗುವುದಿಲ್ಲ. ತೌಡಿನ ಚೂರುಗಳು ಗ್ಲುಟೆನ್ ಬಲೆಯನ್ನು ಅಲ್ಲಲ್ಲಿ ಕತ್ತರಿಸುತ್ತವೆ, ಎಳೆ ಅಲ್ಲೇ ಹರಿಯುತ್ತದೆ. ಕಾಲುಭಾಗದವರೆಗೆ ಸೇರಿಸಬಹುದು. ಆಗ ಸಣ್ಣ ಜರಡಿಯಲ್ಲಿ ಎರಡು ಸಲ ಜರಡಿ ಹಿಡಿದು, ನೀರು 5ರಿಂದ 10 ಮಿಲಿಲೀಟರ್ ಹೆಚ್ಚಿಸಿ, ಎಳೆಯನ್ನು 5 ಮಿಲಿಮೀಟರಿನಲ್ಲೇ ನಿಲ್ಲಿಸಿ. ರಾಗಿ, ಜೋಳದಲ್ಲಿ ಗ್ಲುಟೆನ್ನೇ ಇಲ್ಲ, ಅವನ್ನು ಒತ್ತಬಹುದೇ ಹೊರತು ಎಳೆಯಲಾಗದು.

*ಹಿಂದಿನ ರಾತ್ರಿಯೇ ಮಾಡಿಟ್ಟುಕೊಳ್ಳಬಹುದೇ?*

ಮೊದಲ ಸುತ್ತು ಸುತ್ತಿದ ತಟ್ಟೆಯನ್ನು ಎಣ್ಣೆ ಸವರಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ಹೊರಗಿಟ್ಟು ಒಂದು ಗಂಟೆ ಬಿಟ್ಟು, ತಣುವು ಪೂರ್ತಿ ಹೋದ ಮೇಲೆ ಎರಡನೇ ಹೊರಳಿಕೆ. ತಣ್ಣಗಿರುವಾಗಲೇ ಎಳೆದರೆ ಹುರಿ ಲಟಕ್ಕನೆ ಕಡಿಯುತ್ತದೆ. ಬೇಯಿಸಿದ್ದನ್ನು ಮಾತ್ರ ಇಡಬೇಡಿ, ಅರ್ಧ ಗಂಟೆಯಲ್ಲಿ ಎಲ್ಲ ಸೇರಿ ಒಂದೇ ಗಡ್ಡೆಯಾಗಿರುತ್ತದೆ.